ಅಕ್ಕನ ಮೈಗೆ ಹತ್ತದ ಎಣ್ಣೆ

ಅಕ್ಕನಿಗೆ ಆ ದಿನ ಜಗಳವಾಡುವಷ್ಟೂ ತ್ರಾಣವಿರಲಿಲ್ಲ. ಹೋಟೆಲೊಂದರ ಲಾಂಡ್ರಿಯಲ್ಲಿ ಬೆಳಗಿನಿಂದ ನಿಂತೇ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಬಂದವಳು. ಊದಿದ ಕಾಲು ಚಪ್ಪಲಿಯಿಂದ ಹೊರಗೆ ಬರಲಿಕ್ಕೇ ಒಪ್ಪುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ತಂಗಿ ರಕ್ತಪರೀಕ್ಷೆಯ ವರದಿ ಹಿಡಿದು ಬಾಗಿಲಲ್ಲೇ ಶುರು ಹಚ್ಚಿಕೊಂಡಳು.

"ನಿಜ ಹೇಳು. ಮೀನೆಣ್ಣೆ ಮಾತ್ರೆ ನುಂಗ್ತಿದ್ಯೋ, ಬಚ್ಚಲಿಗೆ ಹಾಕ್ತಿದ್ಯೋ?"

ರಕ್ತದಲ್ಲಿನ ಕೊಬ್ಬು ಇಳಿಯಲಿ ಎಂದು ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ. ಇಬ್ಬರೂ ಒಂದೇ ಡಬ್ಬಿಯಿಂದ ನುಂಗುತ್ತಿದ್ದರು. ತಂಗಿಯ ಕೊಬ್ಬು ಇಳಿದಿತ್ತು. ಅಕ್ಕನದು ಜಪ್ಪಯ್ಯ ಅಂದರೂ ಅಲ್ಲಾಡಿರಲಿಲ್ಲ.

"ನುಂಗ್ತಿದೀನಿ ಮಾರಾಯ್ತಿ. ತೇಗಿದ್ರೆ ಮೀನು ಮಾರ್ಕೆಟ್ಟೇ ಬಾಯಿಗೆ ಬರುತ್ತೆ. ಬೇಕಾದ್ರೆ ಮೂಸಿ ನೋಡು."

ತಂಗಿ ನಗಲಿಲ್ಲ. ಅಪ್ಪ ಹೋದದ್ದು ಎದೆನೋವಿನಿಂದ. ಇವಳನ್ನೂ ಕಳೆದುಕೊಂಡೇನೆಂಬ ಭಯ ಅವಳಿಗೆ. ಅದು ಅಕ್ಕನಿಗೂ ಗೊತ್ತಿತ್ತು. ಆದರೂ ಅಮ್ಮ ತೀರಿಕೊಂಡ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು, ಈಗ ತನ್ನನ್ನೇ ಕಳ್ಳಿಯನ್ನು ನೋಡಿದ ಹಾಗೆ ನೋಡುತ್ತಿದೆಯಲ್ಲ!

ಮರುದಿನ ಡಾಕ್ಟರಮ್ಮ ವರದಿ ನೋಡಿ ಕೇಳಿದರು: "ಯಾವಾಗ ತಗೋತೀರಿ? ಏನು ತಿಂದು?"

ತಂಗಿ ರಾತ್ರಿ ಊಟದ ಜೊತೆ; ಹುರಿದ ಮೊಟ್ಟೆ, ಕೆನೆ ಹಾಲು ಇದ್ದೇ ಇರುತ್ತಿತ್ತು. ಅಕ್ಕ ಬೆಳಗ್ಗೆ ಕೆಲಸಕ್ಕೆ ಓಡುವ ಮುಂಚೆ, ಬರೀ ಹೊಟ್ಟೆಗೆ, ಬಿಸಿನೀರಿನಲ್ಲಿ. ಆಮೇಲೆ ಒಣ ಬ್ರೆಡ್ಡು.

"ಅಲ್ಲೇ ಇರೋದು ನೋಡಿ. ಇದು ಎಣ್ಣೆ. ಊಟದಲ್ಲಿ ಒಂಚೂರು ಜಿಡ್ಡು ಇದ್ರೆ ಪಿತ್ತರಸ ಚೆನ್ನಾಗಿ ಬಂದು ಮೈಗೆ ಹತ್ತುತ್ತೆ. ಬರೀ ಹೊಟ್ಟೇಲಿ ಬಹಳಷ್ಟು ಹಾಗೇ ಹೊರಟುಹೋಗುತ್ತೆ. ವಯಸ್ಸಾದ್ಮೇಲೆ ಜೀರ್ಣಶಕ್ತಿನೂ ಮೊದಲಿನ ಹಾಗಿರಲ್ಲ. ನೀವೂ ರಾತ್ರಿ ಮೊಟ್ಟೆ ಜೊತೆ ತಗೊಳ್ಳಿ."

ಪುಣ್ಯಾತ್ಮಳು ಅದನ್ನು ಮೊದಲೇ ಹೇಳಬಾರದಿತ್ತೇ!

"ಅವಳಿಗೆ ಮೊಟ್ಟೆ ಸೇರಲ್ಲ ಡಾಕ್ಟ್ರೇ," ಎಂದಳು ತಂಗಿ. "ಚಿಕ್ಕಂದಿನಿಂದ್ಲೂ ಅಷ್ಟೇ."

ಅಕ್ಕ ಗೋಡೆಗೆ ತಲೆಯಾನಿಸಿದಳು. ಆ ಸುಳ್ಳನ್ನು ಇನ್ನೂ ಹೊತ್ತು ತಿರುಗಲು ಅವಳಿಂದ ಆಗುತ್ತಿರಲಿಲ್ಲ.

"ಸೇರ್ತಿತ್ತು ಕಣೇ. ಮನೇಲಿ ಒಂದೇ ಮೊಟ್ಟೆ ಇರ್ತಿತ್ತು. ನೀನು ಅಳ್ತಿದ್ದೆ."

ತಂಗಿ ಆ ರಾತ್ರಿ ಎರಡು ಮೊಟ್ಟೆ ಒಡೆದು, ಧಾರಾಳವಾಗಿ ಎಣ್ಣೆ ಸುರಿದು ಹುರಿದಳು. ತಟ್ಟೆಯನ್ನು ಅಕ್ಕನ ಮುಂದಿಟ್ಟು, ಪಕ್ಕದಲ್ಲಿ ಮಾತ್ರೆ ಇಟ್ಟು, ಎದುರಿಗೇ ಕೂತಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು.

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಯ್ಯೋ ಕರ್ಮವೇ! ನಾಲಿಗೆಗೆ ತಾಕಿದ್ದೇ ತಡ, ಹೊಟ್ಟೆ ತೊಳಸಿತು. ಇಷ್ಟು ವರ್ಷ ಸೇರಲ್ಲ ಸೇರಲ್ಲ ಎನ್ನುತ್ತ ಬಂದವಳಿಗೆ ಈಗ ನಿಜವಾಗಿಯೂ ಸೇರುತ್ತಿರಲಿಲ್ಲ. ನೀರು ಕುಡಿದು ಹೇಗೋ ಒಳಗೆ ತಳ್ಳಿದಳು.

"ಹೇಗಿದೆ ಅಕ್ಕಾ?"

"ತುಂಬಾ ಚೆನ್ನಾಗಿದೆ ಕಣೇ," ಎಂದು ಅಕ್ಕ ಇನ್ನೊಂದು ತುತ್ತು ಮುರಿದುಕೊಂಡಳು.