ಮಹದೇವಪ್ಪನವರ ಬೂದು ನೊಣ

ಮೂರು ತಿಂಗಳ ಹಿಂದೆ ನಾನೊಂದು ಸುಳ್ಳು ಹೇಳಿದೆ. ಉದ್ದದ್ದೇನಲ್ಲ, ಒಂದೇ ಮಾತಿನದು: "ಹೂಂ."

ಗಾಳ ಹಾಕುವವರು ಸುಳ್ಳು ಹೇಳುವುದು ಹೊಸತೇ ಎಂದು ನೀವು ನಗಬಹುದು. ಬೆರಳುದ್ದದ ಮೀನನ್ನು ಮೊಳದುದ್ದ ಮಾಡುವುದು ನಮ್ಮ ಹುಟ್ಟುಗುಣ, ಒಪ್ಪಿದೆ. (ಕನ್ನಂಬಾಡಿಯ ಕೆಳಗೆ ನಾನು ಹಿಡಿದ ಮೀನು ಈ ಅಂಕಣದಲ್ಲೇ ಎರಡು ಸಲ ಬೆಳೆದಿದೆ.) ಆದರೆ ಈ ಸುಳ್ಳು ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ.

ಯಾರ ಮೇಲೆ? ಮೈಸೂರಿನ ಅಗ್ರಹಾರದಲ್ಲಿ ದಾರ, ಗುಂಡಿ, ರಿಬ್ಬನ್ನು ಮಾರುವ ಮಹದೇವಪ್ಪನವರ ಮೇಲೆ. ಮೀನು ಬಾಯಿಗಿಡುವುದಿರಲಿ, ಮೀನು ಮಾರುವ ಬೀದಿಯಲ್ಲಿ ಮೂಗು ಮುಚ್ಚಿಕೊಂಡೂ ನಡೆಯದ ಮನುಷ್ಯನ ಮೇಲೆ!

ಮೊದಲಿನಿಂದ ಹೇಳುತ್ತೇನೆ.

ನನ್ನ ಚಟ ನಿಮ್ಮಲ್ಲಿ ಹಳಬರಿಗೆ ಗೊತ್ತು. ಹೊಸಬರಿಗಾಗಿ ಇಷ್ಟು: ನಾನು ಹುಸಿನೊಣ ಕಟ್ಟುತ್ತೇನೆ. ಗಾಳದ ಪುಟ್ಟ ಕೊಕ್ಕೆಗೆ ಕೋಳಿಪುಕ್ಕ, ನವಿಲುಗರಿಯ ಎಳೆ, ರೇಷ್ಮೆದಾರ ಸುತ್ತುವುದು. ನೀರಿನ ಮೇಲೆ ಬಿಟ್ಟರೆ ಮೀನು ಅದನ್ನು ನಿಜವಾದ ನೊಣವೆಂದೇ ನಂಬಿ ಬಂದು ಕಚ್ಚಬೇಕು. ಎರೆಹುಳ ಇಲ್ಲ, ಹಿಟ್ಟಿನುಂಡೆ ಇಲ್ಲ. ಇಂಗ್ಲಿಷಿನವರು ಇದಕ್ಕೆ ಫ್ಲೈ ಅನ್ನುತ್ತಾರೆ. ನನ್ನ ಹೆಂಡತಿ ಜಯಮ್ಮ ಕಸ ಅನ್ನುತ್ತಾಳೆ.

ಕಲಿಸಿದವರು ನಮ್ಮ ಡಾಕ್ಟರು. ಹೆಸರು ಬರೆದರೆ ಬೈಯುತ್ತಾರೆ, ಡಾಕ್ಟರು ಅಂತಲೇ ಇರಲಿ. ಸ್ಕಾಟ್ಲೆಂಡಿನಲ್ಲಿ ಓದುವಾಗ ಅಲ್ಲಿನ ತೊರೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡು ಬಂದವರು. ಬಿಳಿಯರು ತಂದು ಬಿಟ್ಟ ಆ ಮೀನು ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ಈಗಲೂ ಇದೆ. ವರ್ಷಕ್ಕೊಮ್ಮೆ ಡಾಕ್ಟರ ಹಳೇ ಆಸ್ಟಿನ್ ಕಾರು ಗುಂಡ್ಲುಪೇಟೆಯ ದಾರಿ ಹಿಡಿದು ಏದುಸಿರು ಬಿಡುತ್ತ ಊಟಿ ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಗಾಳದ ಕೋಲುಗಳು, ಮುಂದೆ ನಾನು. ಮಂಡಕಳ್ಳಿಯ ಒಕ್ಕಲ ಮನೆಯಲ್ಲಿ ಹುಟ್ಟಿ, ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಕಪ್ಪೆ ಕುಯ್ಯುವುದನ್ನು ಹೇಳಿಕೊಡುವ ನನಗೆ ಆ ಮುಂದಿನ ಸೀಟು ಸಣ್ಣ ಮರ್ಯಾದೆಯೇ?

ಐದಾರು ವರ್ಷದಿಂದ ಡಾಕ್ಟರ ಕೈ ನಡುಗುತ್ತದೆ. ಕೋಲು ಹಿಡಿಯುತ್ತಾರೆ, ನೊಣ ಕಟ್ಟಲು ಆಗುವುದಿಲ್ಲ. ಹಾಗಾಗಿ ಅವರ ಗಾಳಕ್ಕೆ ನನ್ನ ನೊಣ. ಮೈಸೂರಿಗೆಲ್ಲ ಈ ವಿದ್ಯೆ ಬಲ್ಲವನು ನಾನೊಬ್ಬನೇ. (ಅಂದುಕೊಂಡಿದ್ದೆ.) ಆದರೆ ಕಲಿಸಲು ತೊಡಗಿದ ಈ ಹನ್ನೆರಡು ವರ್ಷದಲ್ಲಿ ಅವರು ನನ್ನ ಕೆಲಸ ನೋಡಿ ಆಡಿದ ಮಾತು ಒಂದೇ: "ನಡೆಯುತ್ತೆ." ಅದಕ್ಕಿಂತ ಒಂದು ಮಾತು ಹೆಚ್ಚು ಬರಲಿ ಎಂದು ಹನ್ನೆರಡು ವರ್ಷ ಕಾದೆ.

ಇನ್ನು ಮಹದೇವಪ್ಪನವರು. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಅಂಗಡಿಯ ಗೋಡೆಗೆ ಮಠದ ಸ್ವಾಮಿಗಳ ಪಟ. "ಬೂದು ದಾರ ಕೊಡಿ" ಅಂದರೆ ಎಂಟು ಬಗೆಯ ಬೂದು ಹರಡುವವರು. ಆರು ತಿಂಗಳ ಹಿಂದೆ ಒಂದು ಸಂಜೆ ಕೇಳಿಯೇಬಿಟ್ಟರು.

"ಅಲ್ಲ ಮೇಷ್ಟ್ರೇ, ಹೆಂಗಸ್ರು ರವಿಕೆ ಬಟ್ಟೆ ತಂದು ಬಣ್ಣ ಜೋಡಿಸ್ತಾರೆ. ನೀವು ಕೋಳಿಪುಕ್ಕ ತಂದು ಜೋಡಿಸ್ತೀರಲ್ಲ, ಏನ್ ವಿಷ್ಯ?"

ಜೇಬಿನ ಡಬ್ಬಿಯಿಂದ ಒಂದು ನೊಣ ತೆಗೆದು ಅವರ ಅಂಗೈಗೆ ಹಾಕಿದೆ. ಬೆಚ್ಚಿ ಕೈ ಕೊಡವಿದರು. ಆಮೇಲೆ ಅದನ್ನು ಹುಡುಕಿ ಎತ್ತಿಕೊಂಡು, ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಎಂಗೆ ಕಟ್ತೀರಿ, ತೋರ್ಸಿ."

ತೋರಿಸಿದೆ. ಗುರುವಾಗುವ ಸುಖ ಯಾರಿಗೆ ಬೇಡ? ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ಒಂದು ನೊಣ ಕಟ್ಟಿದೆ. ಎದ್ದು ಬರುವಾಗ ಉದಾರಿಯಾಗಿ ಹತ್ತು ಹನ್ನೆರಡು ಕೊಕ್ಕೆಗಳನ್ನೂ ಕೊಟ್ಟೆ.

ತಿಂಗಳು ಕಳೆದು ನಾನು ಮತ್ತೆ ಹೋದಾಗ ಅವರು ಗುಂಡಿಯ ತಗಡಿನ ಡಬ್ಬಿಯೊಂದನ್ನು ನನ್ನ ಮುಂದೆ ತಳ್ಳಿದರು. ಮುಚ್ಚಳ ತೆಗೆದೆ. ಒಳಗೆ ಅವರೇ ಕಟ್ಟಿದ ನೊಣಗಳು.

ಬೂದು ಮೈ. ಹೊಗೆಯಂಥ ರೆಕ್ಕೆ. ಬಾಲಕ್ಕೆ ಮೂರೇ ಮೂರು ಎಳೆ. ಉಸಿರು ಬಿಟ್ಟರೆ ಹಾರಿಹೋದಾವು ಎಂದು ನಾನು ನಿಜವಾಗಿ ಉಸಿರು ಹಿಡಿದೆ.

"ಯಾವ ಪುಸ್ತಕ ನೋಡಿ ಕಟ್ಟಿದ್ರಿ?"

"ಪುಸ್ತಕ ಎಲ್ಲಿಂದ ತರ್ಲಿ? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ತಿರುಗಾಡಕ್ಕೆ ಹೋಯ್ತೀನಲ್ಲ, ಅಲ್ಲೇ ಕೂತ್ಕಂಡು ನೋಡ್ದೆ. ನೀರ್ ಮೇಲೆ ರೆಕ್ಕೆ ನೆಟ್ಟಗೆ ಎತ್ಕಂಡು ಕೂತಿರ್ತವೆ ಮೇಷ್ಟ್ರೇ, ಪುಟ್ಟ ದೋಣಿಗಳಂಗೆ. ನಿಮಗೆ ಗೊತ್ತಿಲ್ದೆ ಇರ್ತದಾ?"

ಗೊತ್ತಿರಲಿಲ್ಲ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕಳೆದ ನಾನು ಡಾಕ್ಟರ ಪುಸ್ತಕದ ಚಿತ್ರ ನೋಡಿ ಸ್ಕಾಟ್ಲೆಂಡಿನ ನೊಣ ಕಟ್ಟುತ್ತಿದ್ದೆ. ನೀರಿನ ಮೇಲೆ ಕೂತ ಜೀವಂತ ಹುಳವನ್ನು ಒಂದು ದಿನವೂ ನೋಡಿರಲಿಲ್ಲ. ಬಾಯಲ್ಲಿ ಬಂದಿದ್ದ ಮಾತು "ಭೇಷ್!" ಹೊರಗೆ ಬಿಟ್ಟ ಮಾತು ಬೇರೆ.

"ಪರವಾಗಿಲ್ಲ. ಬಣ್ಣ ಸ್ವಲ್ಪ ಡಲ್ ಆಯ್ತು. ಕೆಂಪು ಸೇರಿಸಿ ನೋಡಿ."

ಕೆಂಪು ಸೇರಿಸಿದರೆ ಕೆಟ್ಟುಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಾತು ಕೇಳುತ್ತೇನೆ. ಅರಮನೆಯ ಆನೆ ಕಂಡು ನಿಮಗೆ ಎಂದಾದರೂ ಹೊಟ್ಟೆ ಉರಿದಿದೆಯೇ? ಇಲ್ಲ. ಪಕ್ಕದ ಮನೆಯ ಸೈಕಲ್ಲಿಗೆ ಹೊಸ ಬೆಲ್ಲು ಬಂದರೆ? ಉರಿಯುತ್ತದೆ. ನಮ್ಮ ಬೀದಿಯವನಾಗಿರಬೇಕು, ನಮ್ಮದೇ ಕೆಲಸ ಮಾಡುತ್ತಿರಬೇಕು, ನಮಗಿಂತ ಕೂದಲೆಳೆಯಷ್ಟು ಚೆನ್ನಾಗಿ ಮಾಡಬೇಕು. ನಿದ್ದೆ ಕೆಡಿಸಲು ಅಷ್ಟು ಸಾಕು. ಅದರಲ್ಲೂ ಆ ಕೆಲಸ ಹೇಳಿಕೊಟ್ಟವರು ನಾವೇ ಆಗಿದ್ದರೆ!

"ನೀವೇ ತಗಂಡೋಗಿ," ಅಂದರು ಮಹದೇವಪ್ಪ. "ಇಲ್ಲಿಟ್ರೆ ಯಾರ ಕೈಗಾದ್ರೂ ಚುಚ್ತದೆ." ಆಮೇಲೆ ಮೆಲ್ಲಗೆ, "ಇದು ಚುಚ್ಚಿದ್ರೆ ಮೀನಿಗೆ ನೋವಾಯ್ತದಾ ಮೇಷ್ಟ್ರೇ?"

"ಮೀನು ಇದನ್ನ ಕಚ್ಚಿದ್ರೆ ತಾನೇ?" ಅಂದೆ.

ಮನೆಯಲ್ಲಿ ಡಬ್ಬಿ ನೋಡಿದ ಜಯಮ್ಮ, "ಇವು ನೀವು ಕಟ್ಟಿದ್ದಲ್ಲ ಅಲ್ವಾ?" ಅಂದಳು.

"ಹೇಗೆ ಗೊತ್ತಾಯ್ತು?"

"ಚೆನ್ನಾಗಿವೆ ಕಣ್ರೀ."

ಅವನ್ನು ನನ್ನ ಗಾಳದ ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲೆ ಉಣ್ಣೆಯ ಚೂರು ಮುಚ್ಚಿದೆ.

ಮೂರು ತಿಂಗಳ ಹಿಂದೆ ಆಸ್ಟಿನ್ ಮತ್ತೆ ಊಟಿ ಹತ್ತಿತು. ಊಟಿಯಿಂದಾಚೆ, ಗುಡ್ಡದ ಮೇಲೆ, ಗಾಜಿನಂಥ ನೀರಿನ ತೊರೆ. ಎರಡು ದಿನ ಒಂದು ಮೀನೂ ಇಲ್ಲ. ಕಣ್ಣೆದುರೇ ಮೇಲೆದ್ದು ಬುಳಕ್ಕೆಂದು ಏನನ್ನೋ ನುಂಗುತ್ತಿದ್ದವು, ನನ್ನ ನೊಣದ ಹತ್ತಿರ ಬಂದು ಮೂಸಿ ಹಿಂದಿರುಗುತ್ತಿದ್ದವು. ಮೂರನೆಯ ಬೆಳಿಗ್ಗೆ ಡಾಕ್ಟರು ತಾಳ್ಮೆಗೆಟ್ಟು ನನ್ನ ಪೆಟ್ಟಿಗೆಯನ್ನೇ ಕೆದಕಿದರು. ನಡುಗುವ ಬೆರಳಿಗೆ ಬೂದು ನೊಣ ಸಿಕ್ಕಿತು.

"ಇದನ್ನ ಯಾಕ್ರೀ ಅಡಗಿಸಿಟ್ಟಿದ್ದೀರಿ? ಕಟ್ಟಿ ದಾರಕ್ಕೆ."

ನನ್ನ ಕೈಯಿಂದಲೇ ಗಂಟು ಹಾಕಿದೆ. ಅವರು ಗಾಳ ಬೀಸಿದಾಗ ಮನಸ್ಸಿನಲ್ಲೇ ಬೇಡಿಕೊಂಡೆ: ಕಚ್ಚಬೇಡ, ದಮ್ಮಯ್ಯ, ಕಚ್ಚಬೇಡ. (ಗಾಳ ಹಾಕುವವನೊಬ್ಬ ಹೀಗೆ ಪ್ರಾರ್ಥಿಸಿದ್ದು ಲೋಕದಲ್ಲಿ ಅದೇ ಮೊದಲಿರಬೇಕು.)

ಕಚ್ಚಿತು. ಒಂದಲ್ಲ, ಬಿಸಿಲೇರುವುದರೊಳಗೆ ಮೂರು.

ಡಾಕ್ಟರು ಬಂಡೆಯ ಮೇಲೆ ಕೂತು ಒದ್ದೆ ನೊಣವನ್ನು ಅಂಗೈಯಲ್ಲಿಟ್ಟುಕೊಂಡರು. "ನಂಜೇಗೌಡ್ರೇ, ನನಗೆ ಕಲಿಸಿದವನು ಅಲ್ಲಿ ದೊಡ್ಡ ಹೆಸರುವಾಸಿ. ಅವನ ಕೈಯಲ್ಲೂ ಇಂಥದನ್ನ ನಾನು ನೋಡಿಲ್ಲ. ನೀವೇ ಕಟ್ಟಿದ್ದಾ?"

ಅವರ ಕಣ್ಣು ಒದ್ದೆಯಾಗಿತ್ತು. ನಾನು ಹನ್ನೆರಡು ವರ್ಷ ಕಾದ ಮಾತು ಬಂದಿತ್ತು, ಬೇರೆಯವರ ವಿಳಾಸಕ್ಕೆ.

"ಹೂಂ," ಅಂದೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಇನ್ನು ನನ್ನ ಕೈ ನಡುಗಿದ್ರೂ ಚಿಂತೆಯಿಲ್ಲ ಕಣ್ರೀ. ಇಂಥವು ಇನ್ನೊಂದು ಆರು ಕಟ್ಟಿಕೊಡಿ."

ಮಧ್ಯಾಹ್ನ ಆ ಮೀನನ್ನು ಬೆಣ್ಣೆಯಲ್ಲಿ ಹುರಿದು ತಿಂದೆವು. ಬಹಳ ರುಚಿಯಾಗಿತ್ತು. ಅದೂ ಒಂದು ನೋವು.

ಮೈಸೂರಿಗೆ ಬಂದವನೇ ಆರು ನೊಣ ಕಟ್ಟಲು ಕೂತೆ. ಬರಲಿಲ್ಲ. ಮಹದೇವಪ್ಪನವರ ಒಂದು ನೊಣವನ್ನು ಬಿಚ್ಚಿ ನೋಡಿದೆ. ಮೇಜಿನ ಮೇಲೆ ಒಂದಿಷ್ಟು ದಾರ, ನಾಲ್ಕು ಪುಕ್ಕದ ಚೂರು ಉಳಿಯಿತು, ಗುಟ್ಟು ಸಿಗಲಿಲ್ಲ. ಎರಡು ಭಾನುವಾರ ಹೀಗೇ ಹೋಯಿತು. ಕೊನೆಗೆ ದಾರದ ನೆಪದಲ್ಲಿ ಅಂಗಡಿಗೆ ಹೋದೆ. ನನ್ನನ್ನು ಕಂಡೊಡನೆ ಮಹದೇವಪ್ಪ ಎದ್ದು ನಿಂತರು.

"ಮೀನು ಕಚ್ತಾ ಮೇಷ್ಟ್ರೇ?"

"ಇಲ್ಲ," ಅಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸು. "ಹತ್ತಿರಕ್ಕೂ ಬರಲಿಲ್ಲ."

ಮುಖ ಬಾಡೀತು ಎಂದು ಕಾದೆ. (ಹೌದು, ಕಾದೆ. ಅಷ್ಟು ಕೆಳಗಿಳಿದಿದ್ದೆ.) ಅವರ ಮುಖ ಅರಳಿತು!

"ಸದ್ಯ ಬುಡಿ! ನೀವು ಹೋದಾಗಿಂದ ಊಟ ಸೇರಿಲ್ಲ ನಂಗೆ. ನನ್ನ ಕೈಕೆಲಸದಿಂದ ಒಂದು ಜೀವ ಹೋಯ್ತದಲ್ಲಾ ಅಂತ. ಮೀನೇ ಕಚ್ಚಲ್ಲ ಅಂದ್ಮೇಲೆ ಇನ್ನು ಧೈರ್ಯವಾಗಿ ಕಟ್ತೀನಿ."

ಕಟ್ಟಿದರು. ಹೋದಾಗಲೆಲ್ಲ ಹೊಸದೊಂದು ತೋರಿಸಿದರು, ಹಿಂದಿನದಕ್ಕಿಂತ ಒಂದು ಕೈ ಮೇಲು. ನನ್ನ ಸುಳ್ಳೇ ಅವರಿಗೆ ಗೊಬ್ಬರವಾಗಿತ್ತು.

ಇತ್ತ ಡಾಕ್ಟರು ದಿನ ಬಿಟ್ಟು ದಿನ ಹೇಳಿ ಕಳಿಸುತ್ತಿದ್ದರು: ಆರು ನೊಣ ಎಲ್ಲಿ? ಮಹದೇವಪ್ಪನವರಿಂದಲೇ ಆರು ತಂದು ಕೊಟ್ಟುಬಿಡಬಹುದಿತ್ತು. ಯೋಚಿಸಿದೆ ಕೂಡ. ಆದರೆ ಅವನ್ನು ಮತ್ತೆ ನನ್ನವೆಂದು ಹೇಳಿ, ಮತ್ತೆ ಆ ಒದ್ದೆ ಕಣ್ಣನ್ನು ನೋಡಲು ನನ್ನಿಂದಾಗದು ಅನ್ನಿಸಿತು. ಹೋಗಿ ನಿಜ ಹೇಳಿದೆ. ದಾರಿಯುದ್ದಕ್ಕೂ ಕ್ಷಮಾಪಣೆ ಬಾಯಿಪಾಠ ಮಾಡಿಕೊಂಡಿದ್ದೆ.

ಡಾಕ್ಟರು ಅದನ್ನು ಪೂರ್ತಿ ಕೇಳಲೇ ಇಲ್ಲ.

"ಯಾರು ಅಂದ್ರಿ? ಗುಂಡಿ ಅಂಗಡಿ? ನಮ್ಮ ಅಗ್ರಹಾರದಲ್ಲೇ? ಕೆರೆ ದಡದಲ್ಲಿ ಕೂತು ನೋಡಿ ಕಟ್ಟಿದ್ದಾ? ಪುಸ್ತಕ ಇಲ್ದೆ?" ಎದ್ದು ನಿಂತೇಬಿಟ್ಟರು. "ನಾಳೆ ಸಂಜೆ ನನ್ನ ಅವರ ಹತ್ರ ಕರ್ಕೊಂಡು ಹೋಗಿ."

ಬೈದಿದ್ದರೆ ಸಹಿಸುತ್ತಿದ್ದೆ. ಅವರು ನನ್ನನ್ನು ಮರೆತೇಬಿಟ್ಟಿದ್ದರು.

ಆಗ ಹೊಳೆಯಿತು. ಡಾಕ್ಟರು ಅಂಗಡಿಗೆ ಹೋದರೆ ಮೊದಲು ಹೇಳುವುದೇ ಮೂರು ಮೀನಿನ ಕಥೆ. ಸೈಕಲ್ಲು ತುಳಿದುಕೊಂಡು ಅಗ್ರಹಾರಕ್ಕೆ ಓಡಿದೆ. ಮಹದೇವಪ್ಪ ರಿಬ್ಬನ್ನು ಸುತ್ತುತ್ತಿದ್ದರು.

"ನಿಮ್ಮ ನೊಣಕ್ಕೆ ಮೀನು ಬಿತ್ತು. ಮೂರು."

ಅವರ ಕೈ ನಿಂತಿತು. "ಮೂರು ಜೀವ," ಅಂದರು. "ಶಿವ ಶಿವ." ಗೋಡೆಯ ಪಟಕ್ಕೆ ಕೈಮುಗಿದರು. ಆಮೇಲೆ, "ಅವತ್ತು ಕಚ್ಚಲಿಲ್ಲ ಅಂದ್ರಲ್ಲ. ನಾನು ನೊಂದ್ಕತೀನಿ ಅಂತ ಹಂಗಂದ್ರಾ?"

ಎಷ್ಟು ಒಳ್ಳೆಯ ಬಾಗಿಲು ತೆರೆದಿಟ್ಟಿದ್ದರು ನೋಡಿ! ತಲೆಯಾಡಿಸಿದ್ದರೆ ಸಾಕಿತ್ತು, ನಾನು ಕರುಣಾಮಯಿ ಆಗಿಬಿಡುತ್ತಿದ್ದೆ. ಆದರೆ ಆ ಮುಖದಲ್ಲಿ ನನ್ನ ಬಗ್ಗೆ ಅಷ್ಟು ನಂಬಿಕೆ ಇತ್ತು. ಅದರೆದುರು ಇನ್ನೊಂದು ಸುಳ್ಳು ನಾಲಗೆಗೆ ಬರಲಿಲ್ಲ.

"ಅಲ್ಲ ಮಹದೇವಪ್ಪನವರೇ. ಹೊಟ್ಟೆಕಿಚ್ಚಿಗೆ ಅಂದೆ. ಕೆಂಪು ಸೇರಿಸಿ ಅಂದದ್ದೂ ಅದಕ್ಕೇ."

"ಹೊಟ್ಟೆಕಿಚ್ಚಾ? ನನ್ನ ಮೇಲಾ?"

"ನಿಮ್ಮ ಮೇಲೇ."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ತುಟಿಯ ಕೊನೆಯಲ್ಲಿ ನಗು ಮೂಡಿ ಇಡೀ ಮುಖಕ್ಕೆ ಹಬ್ಬಿತು.

"ಅರವತ್ಮೂರು ವರ್ಷ ಆಯ್ತು ನಂಗೆ. ನಮ್ಮಣ್ಣಂದು ಅಕ್ಕಿ ಮಂಡಿ, ತಮ್ಮ ವಕೀಲ. ಹೊಟ್ಟೆಕಿಚ್ಚು ಪಡೋರೆಲ್ಲ ಅವರಿಬ್ಬರ ಮೇಲೇ ಪಟ್ರು. ಈ ಗುಂಡಿ ಮಾರೋನ ಮೇಲೆ ಇದುವರ್ಗೂ ಯಾರೂ ಪಟ್ಟಿರ್ಲಿಲ್ಲ ಮೇಷ್ಟ್ರೇ!" ಒಳಮನೆಯ ಕಡೆ ತಿರುಗಿ ಮನೆಯವರನ್ನು ಕೂಗಿದರು: "ಗೌರೀ, ಮೇಷ್ಟ್ರಿಗೆ ಕಾಫಿ ತಗಬಾ. ಸಕ್ಕರೆ ಜಾಸ್ತಿ ಹಾಕು!"

ಇಷ್ಟೆಲ್ಲ ಮಾಡಿದವನಿಗೆ ಕಾಫಿ. ಕುಡಿದೆ.

ಮರುದಿನ ಡಾಕ್ಟರು ಬಂದರು. ಮಹದೇವಪ್ಪ ಕೈಮುಗಿದು ಕೂರಿಸಿದರು, ಆದರೆ ಮಾತು ಖಡಾಖಂಡಿತ. "ಕಟ್ಟೋದು ಬುಡಾಕಾಗಲ್ಲ ಸ್ವಾಮಿ, ಕೈ ಕೇಳಲ್ಲ. ಆದ್ರೆ ಕೊಕ್ಕೆಗೆ ಮಾತ್ರ ಇನ್ನು ಕಟ್ಟಲ್ಲ."

ಈಗ ಅವರು ಹೇರ್‌ಪಿನ್ನಿಗೆ ಕಟ್ಟುತ್ತಾರೆ. ಬೂದು ನೊಣ, ಹಸಿರು ಜೀರುಂಡೆ, ನೀಲಿ ರೆಕ್ಕೆಯ ಏರೋಪ್ಲೇನ್ ಚಿಟ್ಟೆ. ಕಾಲೇಜು ಹುಡುಗಿಯರು ಕ್ಯೂ ನಿಂತು ಕೊಳ್ಳುತ್ತಾರೆ. ನಮ್ಮ ಜಯಮ್ಮನೂ ಒಂದು ತಂದು ಮಗಳ ಜಡೆಗೆ ಸಿಕ್ಕಿಸಿದ್ದಾಳೆ. ನಾನು ಪೇಪರು ಓದುವಾಗ ಅದು ನನ್ನ ಮುಂದೆ ಮೂರು ಸಲ ಹಾದುಹೋಗುತ್ತದೆ. ನನ್ನ ಮನೆಯೊಳಗೇ!

ಡಾಕ್ಟರಾದರೂ ಆರು ನೊಣ ಸಿಗಲಿಲ್ಲವೆಂದು ಮುನಿಸಿಕೊಳ್ಳಬೇಕೋ ಬೇಡವೋ? ಅದೂ ಇಲ್ಲ. ಈಗ ಪ್ರತಿ ಶನಿವಾರ ಸಂಜೆ ಭೂತಗನ್ನಡಿ ಹಿಡಿದು ಅದೇ ಅಂಗಡಿಯ ಸ್ಟೂಲಿನ ಮೇಲೆ ಹಾಜರು. ಹೋದ ವಾರ ನಾನೂ ಹೋಗಿದ್ದೆ. ಇಬ್ಬರೂ ಹೇರ್‌ಪಿನ್ನಿನ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. "ಆ ಬಾಲ, ಆ ಬಾಲ ನೋಡಿ!" ಎಂದು ಡಾಕ್ಟರು ಕೂಗುತ್ತಿದ್ದರು. ನಾನು ಬಂದದ್ದು, ಐದು ನಿಮಿಷ ನಿಂತದ್ದು, ದಾರ ಕೇಳದೆ ಹೊರಟದ್ದು, ಯಾವುದೂ ಅವರಿಗೆ ಗೊತ್ತಾಗಲಿಲ್ಲ.

ಅಚ್ಚಿಗೆ ಕೊಡುವ ಮೊದಲು ಇದನ್ನು ಮಹದೇವಪ್ಪನವರಿಗೆ ಓದಿ ಹೇಳಿದೆ. ಸಂಕೋಚಪಡುತ್ತಾರೆ ಎಂದುಕೊಂಡಿದ್ದೆ. "ಹೊಟ್ಟೆಕಿಚ್ಚು ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕ್ಸಿ, ನಮ್ಮಣ್ಣ ಕನ್ನಡಕ ಇಲ್ದೇ ಓದ್ಲಿ," ಅಂದರು.

ಇಷ್ಟು ಬರೆದ ಮೇಲೆ ಉರಿ ತಣ್ಣಗಾಗಬೇಕಿತ್ತು. ಆಗಿಲ್ಲ. ಔಷಧಿ ಬರೆಸಿಕೊಳ್ಳೋಣವೆಂದರೆ ಇವತ್ತೇ ಶನಿವಾರ. ನೀವೇ ಹೇಳಿ, ಶನಿವಾರ ಸಂಜೆ ನಮ್ಮ ಡಾಕ್ಟರು ಎಲ್ಲಿ ಸಿಗುತ್ತಾರೆ?