ಗುಲಾಬಸಾಬ ಮೇಲಕ್ಕೆ ತಿರುಗಿಸಿದ ಕನ್ನಡಿ

ಹುಬ್ಬಳ್ಳಿ-ಧಾರವಾಡದ ರಸ್ತೆಯಲ್ಲಿ ಗುಲಾಬಸಾಬನಂಥ ಮರ್ಯಾದಸ್ಥ ಡ್ರೈವರ್ ಮತ್ತೊಬ್ಬನಿರಲಿಲ್ಲ. ಇದನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಗುಲಾಬಸಾಬನೇ. ಅಪ್ಪ ಟಾಂಗಾ ಹೊಡೆದೇ ಸತ್ತ. ಮಗ ಲಗಾಮು ಬಿಟ್ಟು ಸ್ಟೇರಿಂಗ್ ಹಿಡಿದ, ಹದಿಮೂರು ವರ್ಷದಲ್ಲಿ ಗಾಲಿಗೆ ಒಂದು ಕೋಳಿಯನ್ನೂ ಸಿಗಗೊಡಲಿಲ್ಲ. ಬೀಡಿ ಇಲ್ಲ, ಬೈಗುಳ ಇಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮಾಲಕ ಚನ್ನಯ್ಯನವರ ಸರ್ವಿಸ್ ಮೋಟಾರಿನ ಬೆನ್ನಿಗೆ ಇದ್ದಿಲ ಒಲೆ ಏರಿತ್ತು; ಅದರ ಗ್ಯಾಸಿನಿಂದಲೇ ಬಸ್ಸು ಓಡಬೇಕು. ಆ ಒಲೆ ನೋಡಿಕೊಳ್ಳುವವನು ಬಾಬುಸಾಬ, ಗುಲಾಬಸಾಬನ ತಂಗಿ ಬಿಬಿಜಾನಳ ಗಂಡ. ಇದ್ದಿಲ ಗ್ಯಾಸಿಗೆ ಕಸುವು ಕಡಿಮೆ. ಜನ ತುಂಬಿದರೆ ಉಣಕಲ್ಲಿನ ಏರಿನಲ್ಲಿ ಮೋಟಾರು ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಬಾಬುಸಾಬ ಜಿಗಿದು ಹಿಂದಿನ ಗಾಲಿಗೆ ಕಟ್ಟಿಗೆಯ ತುಂಡು ಕೊಡಬೇಕು, ಒಲೆ ಕೆದಕಬೇಕು, ಕಟ್ಟಿಗೆ ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ಆಮೇಲೆ ಗುಲಾಬಸಾಬ ಗಾಡಿಯನ್ನು ಹಿಂದಕ್ಕೆ ಬಿಟ್ಟು, ಕೆಳಗಿನಿಂದ ಮತ್ತೆ ಜೋರಾಗಿ ಏರಿಸುತ್ತಿದ್ದ.

ಅದಕ್ಕೇ ದಿನಾ ಬೆಳಿಗ್ಗೆ ಅವನು ತಲೆಯ ಮೇಲಿನ ಕನ್ನಡಿಯನ್ನು ಹದಕ್ಕೆ ಕೂಡಿಸುತ್ತಿದ್ದ. ಗಾಡಿ ಹೊಡೆಯುವಾಗ ಹೇಗೋ ಹಾಗೆಯೇ ಬೆನ್ನು ಊರಿ ಕೂತು, ಬಾಬುಸಾಬನನ್ನು ಹಿಂದೆ ನಿಲ್ಲಿಸಿ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ. ಹಿಂದಿನ ಗಾಜಿನ ಅರ್ಧವನ್ನು ಒಲೆ ನುಂಗಿತ್ತು; ಉಳಿದರ್ಧದಲ್ಲಿ, ಪಕ್ಕಕ್ಕೆ ಸರಿದು ಎದ್ದು ನಿಂತ ಬಾಬುಸಾಬನ ತಲೆ ಕಾಣಬೇಕು.

“ತಲಿ ಕಂಡ್ರ ಬಿಡತೇನಿ. ಕಾಣಲಿಲ್ಲಂದ್ರ ಹೊತ್ತು ಮುಳುಗಿದ್ರೂ ಬ್ರೇಕ್ ಬಿಡಂಗಿಲ್ಲ” ಎನ್ನುತ್ತಿದ್ದ.

ಅದೇ ಕನ್ನಡಿಯಲ್ಲಿ ಅವನ ಬೆನ್ನ ಹಿಂದಿನ ಹೆಂಗಸರ ಸೀಟೂ ಕಾಣುತ್ತಿತ್ತು. ಒಂದು ದಿನ ಹತ್ತಿ ವ್ಯಾಪಾರಿ ದ್ಯಾಮಣ್ಣ ಸೊಸೆ ಗೌರಕ್ಕನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಿದ್ದವನು ಎಲ್ಲರೆದುರು ಗದರಿದ: “ಏ ಸಾಬಾ, ಮುಂದ ನೋಡಿ ಗಾಡಿ ಹೊಡಿ. ಕನ್ನಡ್ಯಾಗ ನಮ್ಮ ಹೆಣ್ಮಕ್ಕಳ ಮಾರಿ ಏನ್ ನೋಡತಿ?”

ಅದು ಸುಳ್ಳೆಂದು ಗೌರಕ್ಕನಿಗೆ ಗೊತ್ತಿತ್ತು. ಆದರೆ ಮಾವನೆದುರು ಬಾಯಿ ತೆರೆಯುವುದುಂಟೇ? ಸೆರಗು ಎಳೆದುಕೊಂಡಳು. ಜನಕ್ಕೆ ಅಷ್ಟೇ ಸಾಕಾಯಿತು. ಗುಲಾಬಸಾಬ ಅಲ್ಲೇ ಗಾಡಿ ನಿಲ್ಲಿಸಿ, ಕನ್ನಡಿಯ ಮುಖವನ್ನು ಮೇಲಿನ ತಗಡಿಗೆ ತಿರುಗಿಸಿಬಿಟ್ಟ.

ಮರುದಿನ ಚನ್ನಯ್ಯನವರೇ ಹೇಳಿದರು: “ಅವನ ಮಾತು ಯಾಕ ಮನಸಿಗೆ ಹಚಗೋತಿ ಮಾರಾಯಾ? ಮೊದಲಿನಂಗ ಕೂಡಸು.”

ಬಾಬುಸಾಬನೂ ಮೆಲ್ಲಗೆ ಅಂದ: “ಭಾಯ್, ನಾ ನಿಮಗ ಕಾಣಬೇಕ್ರಿ.”

“ಬಾಯಿಲೆ ಒದರು, ನನಗ ಕಿವಿ ಅದಾವ. ಆ ಕನ್ನಡಿ ಮತ್ತ ಮುಟ್ಟಿದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಈ ಮಹಾರಾಯನಿಗೆ ಶಾಂತವಾಗುವ ಮನಸ್ಸೇ ಇರಲಿಲ್ಲ.

ಹನ್ನೊಂದು ದಿನ ಬಾಬುಸಾಬನ ಕೂಗಿನ ಮೇಲೆಯೇ ನಡೆಯಿತು. ಹನ್ನೆರಡನೆಯ ದಿನ ಶಿರಗುಪ್ಪಿಯ ಮದುವೆಯ ಜನ ಗಾಡಿಯ ತುಂಬ. ಮುಹೂರ್ತ ಮೀರುತ್ತದೆಂದು ಎಲ್ಲರಿಗೂ ಅವಸರ. ಏರಿನಲ್ಲಿ ಮೋಟಾರು ನಿಂತಿತು, ಬಾಬುಸಾಬ ಇಳಿದ. ಸ್ವಲ್ಪ ಹೊತ್ತಿಗೆ “ಆತ್ರಿ, ಬಿಡ್ರಿ!” ಎಂದು ಹಿಂದಿನಿಂದ ಕೂಗು ಬಂತು. ಗುಲಾಬಸಾಬ ಬ್ರೇಕು ಬಿಟ್ಟ. ಕೂಗಿದ್ದು ಹಿಂದಿನ ಸೀಟಿನಲ್ಲಿದ್ದ, ತಾಳ್ಮೆಗೆಟ್ಟ ಮುದುಕ. ಬಾಬುಸಾಬ ಬಗ್ಗಿ ಕಟ್ಟಿಗೆ ಎಳೆದುಕೊಂಡಿದ್ದನಷ್ಟೇ, ಇನ್ನೂ ಎದ್ದಿರಲಿಲ್ಲ. ಗಾಲಿ ಅವನ ಮೇಲೆ ಹಾಯ್ದು ಅಲ್ಲೇ ಜೀವ ಹೋಯಿತು.

ಪೊಲೀಸ್ ಫೌಜದಾರರ ಮುಂದೆ ದ್ಯಾಮಣ್ಣ ತಾನಾಗಿಯೇ ಬಂದು ನಿಂತ. “ಖರೇ ಹೇಳತೇನ್ರಿ ಸಾಹೇಬ್ರ, ದೇವರಂಥಾ ಮನಶ್ಯಾ. ಹೆಣ್ಮಕ್ಕಳ ಮಾನಕ್ಕಂತ ಕನ್ನಡಿ ತಾನ ತಿರುವಿ ಇಟ್ಟಾನ.” ಮದುವೆಯ ಜನವೂ ಕೂಗು ಕೇಳಿಸಿದ್ದು ಖರೇ ಎಂದರು. ಗುಲಾಬಸಾಬನ ಮೇಲೆ ಯಾವ ತಪ್ಪೂ ಬರಲಿಲ್ಲ.

ಅವನು ತಂಗಿಯ ಊರು ಬೈರಿದೇವರಕೊಪ್ಪಕ್ಕೆ ಹೋದಾಗ ಬಿಬಿಜಾನ ಹೊಸ್ತಿಲಲ್ಲೇ ಕೂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

“ಎಲ್ಲಾರೂ ನೀ ಛಲೋ ಮನಶ್ಯಾ ಅಂದ್ರಂತ ಭಾಯ್,” ಎಂದಳು. “ನಿನ್ನ ಮಾನ ಉಳೀತು.”

ಒಳಗೆ ಹೋಗಿ ಕದ ಹಾಕಿಕೊಂಡಳು.

ಗುಲಾಬಸಾಬ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ದಲಾಲರ ಅಂಗಡಿಯಲ್ಲಿ ಚೀಲ ಹೊತ್ತ. ವಾರಕ್ಕೊಮ್ಮೆ ಜೋಳ ತಂದು ತಂಗಿಯ ಮನೆಯ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತಿರುತ್ತಿದ್ದ. ಅವನು ಎದ್ದು ಹೋಗುವವರೆಗೂ ಅವಳು ಕದ ತೆರೆಯುತ್ತಿರಲಿಲ್ಲ.