ಸಮುದ್ರಕ್ಕೆ ಹೋದ ಹ್ಯಾಂಡ್ಲು

ಜವಳಗೇರಾದ ಹುಸೇನಪ್ಪನನ್ನು ಬರಿಗೈಯಲ್ಲಿ ಕಂಡೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅವರು ಕಂಡದ್ದು ಬೇರೆ ಯಾರನ್ನೋ. ಊರ ಕಾಲುವೆಯ ಗ್ಯಾಂಗ್‌ಮನ್ ಆಗಿ ಕೆಲಸಕ್ಕೆ ಸೇರಿದಾಗ ಅವನ ಮೀಸೆ ಕರ್ರಗಿತ್ತು. ಈಗ ಮೀಸೆ ಹತ್ತಿಯಂತೆ ಬೆಳ್ಳಗಾಗಿದೆ, ಆದರೆ ಕೈಯಲ್ಲಿ ಅಂದು ಹಿಡಿದ ಹ್ಯಾಂಡ್ಲು ಇಂದಿಗೂ ಹಾಗೇ ಇದೆ. ಗೇಟು ಏರಿಸುವ ಇಳಿಸುವ ಕಬ್ಬಿಣದ ಹ್ಯಾಂಡ್ಲು. ಎರಡು ಕಡೆ ಸೊಟ್ಟ, ಒಂದು ತುದಿಗೆ ಚೌಕನೆಯ ಬಾಯಿ. ಆ ಗೇಟಿನ ನಟ್ಟಿಗೆ ಆ ಬಾಯಿ ಬಿಟ್ಟರೆ ಬೇರೆ ಯಾವ ಪಾನಾ ಹಾಕಿದರೂ ಕೂರುವುದಿಲ್ಲ.

ಗೇಟಿನ ಕಾನೂನು ಸರಳ. ಇಳಿಸಿದರೆ ನೀರು ತಡೆದು ನಿಂತು ಮೇಲಿನವರ ಗದ್ದೆಗೆ ತಿರುಗುತ್ತದೆ, ಏರಿಸಿದರೆ ಕೆಳಗಿನವರ ಕಡೆ ಓಡುತ್ತದೆ. ಒಂದು ವಾರ ಇವರ ಸರದಿ, ಒಂದು ವಾರ ಅವರದು. ಈ ಸರದಿಯ ಸಲುವಾಗಿ ಬೀಗರು ಬೀಗರು ಮಾತು ಬಿಟ್ಟಿದ್ದಾರೆ, ಆದ ಮದುವೆಗಳು ಮುರಿದಿವೆ. ಆದರೆ ಹುಸೇನಪ್ಪನ ಕಾಲದಲ್ಲಿ ಸರದಿ ತಪ್ಪಿ ಒಬ್ಬರ ಪೈರು ಒಣಗಿತು ಅನ್ನುವ ಮಾತು ಇರಲಿಲ್ಲ. ಹೊಲ ಇಲ್ಲ, ಮನೆ ಮೇಲೆ ಸ್ಲ್ಯಾಬಿಲ್ಲ, ಅವನ ಆಸ್ತಿ ಅಂದರೆ ಆ ಹೆಸರು ಒಂದೇ.

ಅಂಥವನ ಮೇಲೆ ಈ ಹಿಂಗಾರಿನಲ್ಲಿ ಮೇಲಿನವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಮೇಲಿನವರ ಮುಖಂಡ ಲಾಲಪ್ಪ, ಎರಡು ಟ್ರ್ಯಾಕ್ಟರಿನ ಕುಳ, ಅವನ ಮನೆಗೇ ಬಂದು ಚಾಪೆಯ ಮೇಲೆ ಕೂತ.

"ಹುಸೇನಪ್ಪ, ಜಲಮ ಪೂರ್ತಿ ಕಾಲುವಿ ನೀರೇ ನೋಡಿದಿ. ಒಮ್ಮೆ ಸಮುದ್ರ ನೋಡಿ ಬಾ. ಕಾರವಾರದ ಕಡೆ ಒಂದು ನಡುಗಡ್ಡಿ ಐತಂತ. ಗುಡ್ಡ ಹತ್ತು, ಮೀನ ತಿನ್ನು, ಅಲ್ಲಿ ಮಂದಿ ಹಾಡು ಕುಣಿತ ನೋಡು. ಖರ್ಚು ನಮ್ಮದು. ಜೋಡಿಗೆ ನಮ್ಮ ಬೀರಲಿಂಗ ಬರ್ತಾನ."

ಹುಸೇನಪ್ಪನ ಕಣ್ಣು ತುಂಬಿದವು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮುದುಕಮ್ಮನ ಕೈ ನಿಂತಿತು. ಲಾಲಪ್ಪ ಹೊಸ್ತಿಲು ದಾಟಿದ್ದೇ ತಡ ಅಂದಳು: "ತನ್ನ ಎತ್ತಿಗೆ ಹೊಟ್ಟಿ ತುಂಬ ಹೊಟ್ಟು ಹಾಕಲಾರದಾಂವ ನಿಂಗ ಸಮುದ್ರ ತೋರಸ್ತಾನಂತ? ನನ್ನ ಯಾಕ ಕರೀಲಿಲ್ಲ?"

"ನೀ ಸುಮ್ಮನಿರಬೇ. ದೊಡ್ಡ ಮನಸ್ಸು ಅವರದು."

"ದೊಡ್ಡದೈತೋ ಸಣ್ಣದೈತೋ, ಮನಸ್ಸಿನಾಗ ಏನೈತಿ ನೋಡು."

ನೋಡಲಿಕ್ಕೆ ಪುರಸೊತ್ತಾಗಲಿಲ್ಲ. ಹೊರಡುವ ದಿನ ಕೆಳಗಿನವರ ಸರದಿ ಶುರುವಾಗುವ ದಿನ. ನಸುಕಿನಲ್ಲೇ ಗೇಟಿಗೆ ಹೋದ ಹುಸೇನಪ್ಪ ಹ್ಯಾಂಡ್ಲು ನಟ್ಟಿಗೆ ಹಾಕುವಷ್ಟರಲ್ಲಿ ಮೇಲಿನವರು ಹಲಗೆ ಬಡಿಯುತ್ತ ಅಲ್ಲಿಗೇ ಬಂದರು. ಮೂಗಿನವರೆಗೆ ಚೆಂಡುಹೂವಿನ ಹಾರ, ಕಣ್ಣಿಗೆ ಗುಲಾಲು, ಬಾಯಿಗೆ ಪೇಡೆ. "ಬಸ್ ಬಂತು, ಬಸ್ ಬಂತು" ಅಂತ ಮದುಮಗನಂತೆ ಟ್ರ್ಯಾಕ್ಟರಿಗೆ ಏರಿಸಿದರು. ಕಣ್ಣು ಬಿಟ್ಟಾಗ ಸಿಂಧನೂರು ಬಸ್‌ಸ್ಟ್ಯಾಂಡು. ಪಕ್ಕದಲ್ಲಿ ಬೀರಲಿಂಗ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಕಡಕ್ ರೊಟ್ಟಿ, ಖಾರದ ಶೇಂಗಾ ಹಿಂಡಿ, ಹ್ಯಾಂಡ್ಲು.

"ಮಾವ, ಇದನ್ನ್ಯಾಕ ತಂದಿ?" ಬೀರಲಿಂಗನ ಮುಖ ಸುಣ್ಣವಾಯಿತು.

"ಇದನ್ನ ಬಿಟ್ಟು ನಾ ಅತ್ತಿ ಮನಿಗೂ ಹೋಗಿಲ್ಲ."

ಮಸ್ಕಿ ಬಂದಾಗ ಹುಸೇನಪ್ಪ ಕಿಟಕಿಯಿಂದಲೇ ಮಲ್ಲಯ್ಯನ ಗುಡ್ಡಕ್ಕೆ ಕೈಮುಗಿದ, ಹ್ಯಾಂಡ್ಲನ್ನೂ ಒಮ್ಮೆ ಎತ್ತಿ ತೋರಿಸಿದ.

ನಡುಗಡ್ಡೆಯಲ್ಲಿ ಅವರಿಗೆ ವಸತಿ ಗುಲ್ಷನ್‌ಬೀಯ ಮನೆಯಲ್ಲಿ. ಅವಳ ತವರು ಮುದಗಲ್, ಗಂಡ ದೋಣಿಯವನು. ತವರಿನ ಮಾತು ಕಿವಿಗೆ ಬಿದ್ದದ್ದೇ ಅವಳು ಸೌಟು ಕೈಯಲ್ಲಿ ಹಿಡಿದೇ ಓಡಿ ಬಂದಳು. "ಕಾಕಾ, ರೊಟ್ಟಿ ತಂದೀರೇನು?" ಅಂದವಳು ಉತ್ತರಕ್ಕೂ ಕಾಯದೆ ಚೀಲಕ್ಕೆ ಕೈ ಹಾಕಿದಳು. ಮೊದಲು ಬಂದದ್ದು ಹ್ಯಾಂಡ್ಲು. ಅದನ್ನು ಬದಿಗಿಟ್ಟು ರೊಟ್ಟಿ ಮುರಿದು ಅಲ್ಲೇ ನಿಂತು ತಿಂದಳು, ಕಣ್ಣಲ್ಲಿ ನೀರು ಬಂತು. ಹಿಂಡಿಯ ಖಾರಕ್ಕೋ ತವರಿನ ನೆನಪಿಗೋ, ಹುಸೇನಪ್ಪ ಕೇಳಲಿಕ್ಕೆ ಹೋಗಲಿಲ್ಲ.

ರೊಟ್ಟಿಗೆ ಬದಲಾಗಿ ಅವಳು ಬಂಗಡೆ ಸಾರು, ಹುರಿದ ಸಿಗಡಿ, ಒಂದು ಪರಾತದ ತುಂಬ ಏಡಿ ತಂದಿಟ್ಟಳು. ಮೀನನ್ನು ಹುಸೇನಪ್ಪ ಮರ್ಯಾದೆಯಿಂದ ತಿಂದ. ಏಡಿ ಕಂಡದ್ದೇ ಅವನ ಮುಖ ಬದಲಾಯಿತು. ಕಾಲುವೆಯ ಏರಿಗೆ ತೂತು ಕೊರೆದು ನೀರು ಸೋರಿಸುವ ಜಾತಿ ಇದು. ಸರ್ವಿಸ್ ಪೂರ್ತಿ ಇದರ ಹಿಂದೆ ಮಣ್ಣು ಮೆತ್ತುತ್ತ ಓಡಿದ್ದಾನೆ.

"ನಿಮ್ಮಪ್ಪ ನಮ್ಮ ಏರಿ ಒಡದಿದ್ದ ಲೇ," ಅಂತ ಒಂದೊಂದಕ್ಕೂ ಹೆಸರಿಟ್ಟು ಬೈದು ಹ್ಯಾಂಡ್ಲಿನಿಂದ ಚಿಪ್ಪು ಒಡೆದು ತಿಂದ. ಪರಾತ ಖಾಲಿಯಾದಾಗ ಹಳೆಯ ವ್ಯಾಜ್ಯ ಗೆದ್ದವನಂತೆ ತೇಗಿದ.

ಸಂಜೆ ಮೀನುಗಾರರು ಮರಳಿನ ಮೇಲೆ ಹಾಡಿ ಕುಣಿದರು. ತಾಳಕ್ಕೆ ಕಬ್ಬಿಣ ಬೇಕು ಅಂತ ಹ್ಯಾಂಡ್ಲು ಕೇಳಿದರು. ಹುಸೇನಪ್ಪ ಕೊಟ್ಟ, ಆದರೆ ಕೈ ಬಿಡಲಿಲ್ಲ. ಹೀಗಾಗಿ ಹ್ಯಾಂಡ್ಲು ಹೋದಲ್ಲೆಲ್ಲ ಅವನೂ ಹೋಗಬೇಕಾಯಿತು, ನೋಡುವವರಿಗೆ ಅವನೂ ಕುಣಿದಂತೆಯೇ ಕಂಡಿತು.

ಮರುದಿನ ಬೆಳಿಗ್ಗೆ ಗುಡ್ಡ. ಬೆನ್ನಿಗೆ ಚೀಲ, ಕೈಯಲ್ಲಿ ಬಣ್ಣದ ಕೋಲು ಹಿಡಿದ ಪಟ್ಟಣದ ಹುಡುಗ ಹುಡುಗಿಯರೂ ಟ್ರೆಕ್ಕಿಂಗ್ ಅಂತ ಏರುತ್ತಿದ್ದರು. ನಮ್ಮ ಕಡೆ ಗುಡ್ಡ ಅಂದರೆ ಮೇಲೆ ದೇವರಿರಲೇಬೇಕು. ಹುಸೇನಪ್ಪ ಚಪ್ಪಲಿ ಕೆಳಗೇ ಬಿಟ್ಟ, ಒಂದು ಕೈಯಲ್ಲಿ ತೆಂಗಿನಕಾಯಿ, ಹೆಗಲ ಮೇಲೆ ಹ್ಯಾಂಡ್ಲು. ಮೇಲೆ ಹೋಗಿ ನೋಡಿದರೆ ಹಡಗಿಗೆ ದಾರಿ ತೋರುವ ಒಂದು ದೀಪದ ಕಂಬ ಬಿಟ್ಟರೆ ಏನೂ ಇಲ್ಲ.

"ದೇವರೆಲ್ಲಿ?" ಅಂದ.

"ದೇವರಿಲ್ಲ ಅಜ್ಜ, ವ್ಯೂ ಇದೆ," ಅಂದಳೊಬ್ಬಳು ಹುಡುಗಿ.

ಹೊತ್ತು ತಂದ ಕಾಯಿ ವಾಪಸ್ ಒಯ್ಯುವುದು ಹೇಗೆ? ಕಂಬಕ್ಕೇ ಒಡೆದ. ಹುಡುಗರೆಲ್ಲ ಸಾಲಾಗಿ ನಿಂತು ಪ್ರಸಾದ ತೆಗೆದುಕೊಂಡರು. ಆಗಲೇ ಅವನ ಫೋನು ಹೊಡೆದುಕೊಂಡಿತು. ನಡುಗಡ್ಡೆಯಲ್ಲಿ ನೆಟ್‌ವರ್ಕ್ ಸಿಗುವ ಜಾಗ ಅದೊಂದೇ.

ಲಾಲಪ್ಪನ ದನಿ. "ಹುಸೇನಪ್ಪ! ಎಂಥಾ ಕೆಲಸ ಮಾಡಿಟ್ಟೀಯೋ ಮಾರಾಯ! ಗೇಟು ಏರಸದs ಹೋಗೀದಿ! ಕೆಳಗಿನವರ ನೆಲ್ಲು ತೆನಿ ಹೊರಡೋ ಹೊತ್ತು, ಒಂದು ಹನಿ ನೀರಿಲ್ಲ, ಬಾಯಿ ಬಡಕೊಳ್ಳಾಕತ್ತಾರ. ಹ್ಯಾಂಡ್ಲು ತಗೊಂಡು ಈಗಿಂದೀಗ ಬಾ!"

ಹುಸೇನಪ್ಪ ಹ್ಯಾಂಡ್ಲನ್ನು ಹೆಗಲಿನಿಂದ ಇಳಿಸಿದ. ಕಂಬ ಹಿಡಿದು ನೆನೆಸಿಕೊಂಡ. ಹ್ಯಾಂಡ್ಲು ನಟ್ಟಿಗೆ ಹಾಕಿದ್ದು ನೆನಪಿದೆ. ಹಲಗೆಯ ಸದ್ದು ನೆನಪಿದೆ, ಹಾರ, ಗುಲಾಲು, ಪೇಡೆ ಎಲ್ಲ ನೆನಪಿದೆ. ನಡುವೆ ಹ್ಯಾಂಡ್ಲು ತಿರುವಿದೆನೋ ಇಲ್ಲವೋ? ಅದೊಂದೇ ನೆನಪಿಲ್ಲ. ತಲೆಯೊಳಗೂ ಗುಲಾಲು ಎರಚಿದಂತಿತ್ತು.

"ಬೀರಲಿಂಗ, ನಾ ಗೇಟು ಏರಿಸಿದ್ನೇನೋ?"

"ನಾ ಹಲಗಿ ಬಡ್ಯಾಕತ್ತಿದ್ದೆ ಮಾವ. ನೋಡಿಲ್ಲ," ಅಂದ ಬೀರಲಿಂಗ ಬೇರೆ ಕಡೆ ನೋಡುತ್ತ.

ಕೆಳಗಿನವರಲ್ಲಿ ಆದೆಮ್ಮನ ಮುಖ ಕಣ್ಮುಂದೆ ಬಂತು. ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ಮಾಡುವವಳು. "ಮಾವ ಅದಾನಲ್ಲ, ನನ್ನ ನೀರಿಗೆ ಯಾಕ ಚಿಂತಿ," ಅಂತ ನಿಶ್ಚಿಂತೆಯಿಂದ ಮಲಗುವವಳು. ಹುಸೇನಪ್ಪ ಗುಡ್ಡ ಇಳಿಯಲಿಲ್ಲ, ಉರುಳಿದ.

ದಂಡೆಗೆ ಬಂದರೆ ಇನ್ನೊಂದು ಅನಾಹುತ. ಸಮುದ್ರ ಇರಬೇಕಾದ ಜಾಗದಲ್ಲಿ ಸಮುದ್ರ ಇರಲಿಲ್ಲ. ಕಣ್ಣು ಹಾಯುವವರೆಗೆ ಕೆಸರು, ಕೆಸರಿನ ನಡುವೆ ಹೊಟ್ಟೆ ಊರಿ ಮಲಗಿದ ದೋಣಿ.

"ನೀರು ಯಾರು ಬಂದ್ ಮಾಡಿದ್ರು?" ಅಂತ ಗುಡುಗಿದ.

"ಯಾರೂ ಇಲ್ಲ ಕಾಕಾ," ಮೀನು ಒಣಹಾಕುತ್ತಿದ್ದ ಗುಲ್ಷನ್‌ಬೀ ಅಂದಳು. "ಇಳಿತ ಇದು. ತಾನs ಹೋಗತೈತಿ, ತಾನs ಬರತೈತಿ."

"ನೀರು ತಾನs ಹೋಗೂದಿಲ್ಲ ಮಗಳ. ನಂಗ ಹೇಳಬ್ಯಾಡ. ಇಲ್ಲಿ ನೀರು ಬಿಡಾಂವ ಯಾಂವ?"

ಅವಳು ನಗು ತಡೆದುಕೊಂಡು ಹಗಲಲ್ಲೇ ಮಾಸಲಾಗಿ ಕಾಣುತ್ತಿದ್ದ ಚಂದ್ರನ ಕಡೆ ಬೆರಳು ತೋರಿಸಿದಳು. "ಅಗಾ, ಮ್ಯಾಲ ಅದಾನ ನೋಡ್ರಿ."

ಹುಸೇನಪ್ಪ ಹಣೆಗೆ ಕೈ ಅಡ್ಡ ಹಿಡಿದು ಚಂದ್ರನನ್ನು ನೋಡಿದ. "ಎಲ್ಲಾ ಕಡೆ ಮ್ಯಾಲಿನವರದೇ ಕಾಟ," ಅಂದ.

ಕಾಯುತ್ತ ಕೂರುವ ಪೈಕಿ ಅವನಲ್ಲ. ದೂರದಲ್ಲಿ ನೀರು ಹೊಳೆಯುತ್ತಿತ್ತು. ನೀರಿದೆ, ದೋಣಿ ಇದೆ, ನಡುವೆ ಕಾಲುವೆ ಇಲ್ಲ, ಅಷ್ಟೇ ತಾನೆ? ಧೋತರ ಮೇಲೆ ಕಟ್ಟಿ, ಗುಲ್ಷನ್‌ಬೀಯ ಮನೆಯ ಸಲಿಕೆ ತಂದು, ದೋಣಿಯ ಬುಡದಿಂದ ಸಮುದ್ರದ ಕಡೆಗೆ ಕಾಲುವೆ ತೋಡಲು ಶುರುಮಾಡಿದ. ಬೀರಲಿಂಗನಿಗೆ ಬುಟ್ಟಿ ಕೊಟ್ಟ. "ಮಾವ, ಇದು ಸಮುದ್ರ!" ಅಂದರೆ, "ಸಮುದ್ರ ಆದ್ರೇನು, ಅದಕ್ಕ ಏರಿ ಬ್ಯಾಡೇನು? ಹೊರು," ಅಂದ.

ಗುಡ್ಡ ಇಳಿದು ಬಂದ ಟ್ರೆಕ್ಕಿಂಗಿನ ಹುಡುಗರು ಇದು ಇಲ್ಲಿಯ ಹಬ್ಬದ ಆಚರಣೆ ಅಂದುಕೊಂಡರು. ಬೂಟು ಬಿಚ್ಚಿ ಕೆಸರಿಗಿಳಿದರು. ಹುಸೇನಪ್ಪ ಹ್ಯಾಂಡ್ಲು ಎತ್ತಿ ತೋರಿಸುತ್ತ ಹುಕುಂ ಕೊಟ್ಟ: "ಲೇ ಟೊಪ್ಪಿಗಿ, ಇಳಿಜಾರು ನೋಡಿ ತೆಗಿ! ಏ ತಂಗೀ, ಏರಿ ತುಳಿ, ಏಡಿ ತೂತು ಐತಿ ಅಲ್ಲಿ!" ಅವರು ಕೇಕೆ ಹಾಕುತ್ತ ತುಳಿದರು. ಗುಲ್ಷನ್‌ಬೀಯ ಗಂಡ ತಲೆ ಮೇಲೆ ಕೈ ಹೊತ್ತು ನೋಡುತ್ತ ಕೂತ.

ಕಾಲುವೆ ಮುಗಿದದ್ದಕ್ಕೂ ಭರತ ಏರಿದ್ದಕ್ಕೂ ಸರಿಹೋಯಿತು. ನೀರು ಮೊದಲು ಆ ಕಾಲುವೆಯಲ್ಲೇ ತಣ್ಣಗೆ ನುಗ್ಗಿ ಬಂದು ದೋಣಿಯ ಬುಡ ಮುಟ್ಟಿತು. ಹುಡುಗರು ಹುಸೇನಪ್ಪನನ್ನು ಎತ್ತಿಕೊಂಡು ಕುಣಿದರು. "ಬಂತಿಲ್ಲೋ?" ಅಂದ ಅವನು ಬೀರಲಿಂಗನಿಗೆ. ಬೀರಲಿಂಗ ಬುಟ್ಟಿ ಹಿಡಿದು ನಿಂತೇ ಇದ್ದ. ಅವನಿಗೂ ಏನು ನಂಬಬೇಕು ತಿಳಿಯದಾಗಿತ್ತು. ಗುಲ್ಷನ್‌ಬೀ ಮುದುಕಮ್ಮನಿಗೆ ಅಂತ ಒಣಮೀನಿನ ಗಂಟು ಚೀಲಕ್ಕೆ ತುರುಕಿದಳು.

ದಾರಿಯುದ್ದಕ್ಕೂ ಹುಸೇನಪ್ಪ ತುತ್ತು ಮುಟ್ಟಲಿಲ್ಲ. ಹ್ಯಾಂಡ್ಲನ್ನು ಕೂಸಿನಂತೆ ತಬ್ಬಿ ಕೂತಿದ್ದ. ಆದೆಮ್ಮನ ಗದ್ದೆ ಬಿರುಕು ಬಿಟ್ಟಿದ್ದರೆ ಹ್ಯಾಂಡ್ಲು ನೀರಾವರಿ ಸಾಹೇಬರ ಮೇಜಿನ ಮೇಲಿಟ್ಟು ಬರುವುದು, ಮತ್ತೆ ಕಾಲುವೆಯ ಏರಿ ತುಳಿಯುವುದಿಲ್ಲ ಅಂತ ಮನಸ್ಸಿನಲ್ಲೇ ಮಸ್ಕಿಯ ಮಲ್ಲಯ್ಯನಿಗೆ ಮಾತು ಕೊಟ್ಟ.

ಜವಳಗೇರಾದಲ್ಲಿ ಇಳಿದವನು ಮನೆಗೆ ಹೋಗಲಿಲ್ಲ, ಗೇಟಿಗೂ ಹೋಗಲಿಲ್ಲ. ನೇರ ಕೆಳಗಿನವರ ಗದ್ದೆಗೆ ನಡೆದ. ಆದೆಮ್ಮ ಸೀರೆ ಎತ್ತಿ ಕಟ್ಟಿ ಮೀನಖಂಡದವರೆಗೆ ನೀರಿನಲ್ಲಿ ನಿಂತಿದ್ದಳು. ಸುತ್ತಲೂ ತೆನೆ ಹೊರಟ ನೆಲ್ಲು ಗಾಳಿಗೆ ತೂಗುತ್ತಿತ್ತು.

"ಮಾವ, ಬಂದ್ರ್ಯಾ! ಇಷ್ಟು ನೀರು ಕೆಳಗ ಬಂದದ್ದು ನಾ ಹುಟ್ಟಿದಾಗಿಂದ ಕಂಡಿಲ್ಲ ನೋಡ್ರಿ!"

"ಗೇಟು... ಏರಿತ್ತೇನವ್ವ?"

"ಪೂರಾ! ನೀವs ಏರಿಸಿ ಹೋಗೀರಲ್ಲ? ಲಾಲಪ್ಪನ ಮಂದಿ ಇಳಸಾಕ ಒದ್ದಾಡಿದ್ದೇ ಒದ್ದಾಡಿದ್ದು. ಟ್ರ್ಯಾಕ್ಟರ್ ಜ್ಯಾಕ್ ತಂದ್ರು, ಮುರೀತು. ಹಟ್ಟಿ ಗಣಿಯಿಂದ ಒಬ್ಬ ಫಿಟ್ಟರನ ಕರಕೊಂಡು ಬಂದ್ರು, ಅಂವ ಚಾ ಕುಡದು ಹೋದ. ನಿಮ್ಮ ಮನಿಗೆ ಹೋಗಿ ಹ್ಯಾಂಡ್ಲು ಎಲ್ಲೈತಿ ಅಂತ ಅತ್ತಿನ್ನ ಕೇಳಿದ್ರಂತ. 'ಅದು ಅವರ ಜೋಡಿ ಸಮುದ್ರಕ್ಕ ಹೋಗ್ಯಾದ. ನನ್ನ ಬಿಟ್ಟು ಹೋಗ್ಯಾರ, ಅದನ್ನ ಬಿಟ್ಟಿಲ್ಲ' ಅಂದಳಂತ."

ಹುಸೇನಪ್ಪ ಗದ್ದೆಯ ಬದುವಿನ ಮೇಲೆ ಕುಸಿದು ಕೂತ. ತಲೆ ಮರೆತದ್ದನ್ನು ಕೈ ಮಾಡಿ ಮುಗಿಸಿತ್ತು. ಲಾಲಪ್ಪನ ಫೋನು ಬಂದದ್ದು ಬರೀ ಹ್ಯಾಂಡ್ಲಿಗಾಗಿ. ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಸಾವಕಾಶ ಎದ್ದು ಗೇಟಿನ ಕಡೆ ಹೊರಟ.

ಅಲ್ಲಿ ಲಾಲಪ್ಪ, ಅವನ ಮಂದಿ, ಮುರಿದ ಪಾನಾಗಳ ರಾಶಿ. ಲಾಲಪ್ಪ ಹಲ್ಲು ಕಿರಿದ. "ಬಂದ್ಯಾ ಹುಸೇನಪ್ಪ? ಹೆಂಗಿತ್ತು ಸಮುದ್ರ?"

"ನೀರು ಭಾಳ ಐತಿ ಲಾಲಪ್ಪ. ಆದ್ರೂ ಸರದಿ ತಪ್ಪಂಗಿಲ್ಲ."

"ಹ್ಯಾಂಡ್ಲು ಒಂದೀಟು ಕೊಡು..."

"ಸ್ವಾಮಾರ ಬಾ. ಅವತ್ತಿಗೆ ನಿನ್ನ ಸರದಿ."

ಸೋಮವಾರ ಲಾಲಪ್ಪನಿಗೆ ಅವನ ಪಾಲು ಒಂದು ಹನಿ ಕಡಿಮೆಯಿಲ್ಲದೆ ಹೋಯಿತು. ಅಷ್ಟರಲ್ಲಿ ಕೆಳಗಿನವರು ಹನುಮಪ್ಪನ ಕಟ್ಟೆಯ ಮೇಲೆ ಸಭೆ ಸೇರಿ ಠರಾವು ಮಾಡಿದ್ದರು: ಇನ್ನು ಮೇಲೆ ಪ್ರತಿ ಬೆಳೆಗೂ ತಮ್ಮ ಸರದಿ ಬಂದ ವಾರ, ಗೇಟು ಏರಿಸಿದ ಮೇಲೆ, ಹುಸೇನಪ್ಪನನ್ನು ಹ್ಯಾಂಡ್ಲು ಸಮೇತ ನಡುಗಡ್ಡೆಗೆ ಕಳಿಸುವುದು, ಖರ್ಚು ತಮ್ಮದು. ಸುದ್ದಿ ತಿಳಿದ ಲಾಲಪ್ಪ ಬಾಯಿ ಬಡಿದುಕೊಳ್ಳುತ್ತ ಓಡಿ ಬಂದ. "ಬ್ಯಾಡೋ ಹುಸೇನಪ್ಪ, ಊರು ಬಿಟ್ಟು ಎಲ್ಲೂ ಹೋಗಬ್ಯಾಡ! ನೀ ಇಲ್ಲೇ ಇರಬೇಕು!" ಹುಸೇನಪ್ಪ ಮನೆ ಕಟ್ಟೆಯ ಮೇಲೆ ಕೂತು ಹ್ಯಾಂಡ್ಲು ಉಜ್ಜುತ್ತಿದ್ದ. ಒಳಗಿನಿಂದ ಮುದುಕಮ್ಮನೇ ಕೂಗಿ ಹೇಳಿದಳು: "ಹೋಗ್ತಾರಪ್ಪ. ಈ ಸಲ ನಾನೂ ಹೋಗ್ತೀನಿ."

ಅವಳು ಆಗಲೇ ಕಡಕ್ ರೊಟ್ಟಿಯ ಎರಡನೆಯ ಅಟ್ಟಿ ಪೇರಿಸುತ್ತಿದ್ದಳು. ಹ್ಯಾಂಡ್ಲಿಗೆ ಹತ್ತಿದ ಒಣಮೀನಿನ ವಾಸನೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಈಗ ಹುಸೇನಪ್ಪ ಗೇಟಿಗೆ ಹೊರಟರೆ ಊರ ಬೆಕ್ಕುಗಳೆಲ್ಲ ಕಾಲುವೆಯ ಏರಿಯ ಮೇಲೆ ಅವನ ಹಿಂದೆ ಸಾಲಾಗಿ ಹೊರಡುತ್ತವೆ, ಮೇಲಿನ ಓಣಿಯವೂ ಕೆಳಗಿನ ಓಣಿಯವೂ ಒಟ್ಟಿಗೆ.